ದುಬೈಯೋ, ಸಿಂಗಪುರವೋ: ಹೊರಡುವ ದಿನದ ಲೆಕ್ಕ

ಕರಾವಳಿಯ ಮನೆಗಳಲ್ಲಿ ಒಂದು ಕಾಲಕ್ಕೆ ಇದ್ದದ್ದು ಹೋಗುವುದೋ ಇಲ್ಲೇ ಇರುವುದೋ ಎಂಬ ಪ್ರಶ್ನೆ ಮಾತ್ರ. ವೀಸಾ ಬಂದರೆ ಗಲ್ಫ್, ಬಾರದಿದ್ದರೆ ಮುಂಬೈ. ಯಾವ ಊರು ಎಂದು ಆರಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಇವತ್ತು ಬೆಂಗಳೂರಿನಲ್ಲಿ ಹತ್ತು ಹದಿನೈದು ವರ್ಷ ದುಡಿದ ಸಾಫ್ಟ್‌ವೇರ್ ಇಂಜಿನಿಯರ್, ಚಾರ್ಟರ್ಡ್ ಅಕೌಂಟೆಂಟ್, ಬ್ಯಾಂಕ್ ಅಧಿಕಾರಿಗಳಿಗೆ ಆ ಆಯ್ಕೆ ಇದೆ. ಬಹಳ ಸಲ ಅದು ಎರಡು ಹೆಸರುಗಳ ನಡುವೆ ಬಂದು ನಿಲ್ಲುತ್ತದೆ: ದುಬೈ, ಸಿಂಗಪುರ. ಎರಡೂ ಬೆಂಗಳೂರಿನಿಂದ ನಾಲ್ಕು, ನಾಲ್ಕೂವರೆ ಗಂಟೆಯ ಹಾರಾಟ. ಎರಡೂ ರಾತ್ರಿ ಹನ್ನೊಂದಕ್ಕೆ ಹೆಣ್ಣುಮಗಳು ಒಬ್ಬಳೇ ಮನೆಗೆ ಬರಬಹುದಾದ ಊರುಗಳು. ಇಡ್ಲಿ ದೋಸೆಗೆ ಎರಡರಲ್ಲೂ ಕೊರತೆಯಿಲ್ಲ. ಗಂಡ ಹೆಂಡತಿ ಕೂತು ಸಂಬಳ, ತೆರಿಗೆ, ಬಾಡಿಗೆ, ಶಾಲೆಯ ಫೀ ಎಲ್ಲವನ್ನೂ ಕೂಡಿಸಿ ಕಳೆಯುತ್ತಾರೆ. ತಿಂಗಳ ಕೊನೆಗೆ ಎಲ್ಲಿ ಹೆಚ್ಚು ಉಳಿಯುತ್ತದೋ ಆ ಕಡೆಗೆ ಮನಸ್ಸು ವಾಲುತ್ತದೆ.

ಈ ಲೆಕ್ಕ ತಪ್ಪು ತುದಿಯಿಂದ ಶುರುವಾಗುತ್ತದೆ ಎಂಬುದು ನನ್ನ ವಾದ. ಕೆಲಸಕ್ಕೆ ಸೇರುವ ದಿನ ಈ ಎರಡು ನಗರಗಳು ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತವೆ. ಅವುಗಳ ವ್ಯತ್ಯಾಸ ತಿಳಿಯುವುದು ಬಿಡುವ ದಿನ. ಕೆಲಸ ಹೋದ ದಿನ, ಮಗ ಹದಿನೆಂಟಕ್ಕೆ ಕಾಲಿಟ್ಟ ದಿನ, ಊರಿನಲ್ಲಿ ಅಮ್ಮ ಒಬ್ಬರೇ ಉಳಿದ ದಿನ ಈ ನಗರ ನಮಗೆ ಏನು ಹೇಳುತ್ತದೆ? ಆ ಉತ್ತರ ಗೊತ್ತಿಲ್ಲದೆ ಸಂಬಳದ ಅಂಕಿ ನೋಡಿ ಹೊರಟವರು ಇಪ್ಪತ್ತು ವರ್ಷ ಕಳೆದ ಮೇಲೆ, ತಾವು ಆರಿಸದ ಬದುಕೊಂದರಲ್ಲಿ ತಮ್ಮನ್ನು ಕಾಣುತ್ತಾರೆ.

ಹಣದ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ, ಏಕೆಂದರೆ ಅಲ್ಲಿರುವ ಅಂತರ ಜನ ಅಂದುಕೊಂಡಷ್ಟು ದೊಡ್ಡದಲ್ಲ. ದುಬೈನಲ್ಲಿ ಸಂಬಳದ ಮೇಲೆ ತೆರಿಗೆ ಇಲ್ಲ, ನಿಜ. ಆದರೆ ಸಿಂಗಪುರದ ತೆರಿಗೆಯನ್ನು ನಮ್ಮವರು ಭಾರತದ ತೆರಿಗೆಯಂತೆಯೇ ಕಲ್ಪಿಸಿಕೊಂಡು ಹೆದರುತ್ತಾರೆ. ಅಲ್ಲಿನ ನಿವಾಸಿಯ ತೆರಿಗೆಗೊಳಪಡುವ ಆದಾಯ ವರ್ಷಕ್ಕೆ 1,20,000 ಸಿಂಗಪುರ ಡಾಲರ್ ಆದರೆ ಕಟ್ಟಬೇಕಾದ್ದು 7,950 ಡಾಲರ್. ನೂರಕ್ಕೆ ಏಳು ಕೂಡ ಆಗುವುದಿಲ್ಲ. ಗರಿಷ್ಠ ದರವಾದ ಶೇ. 24 ಬೀಳುವುದು ಹತ್ತು ಲಕ್ಷ ಡಾಲರ್ ಮೀರಿದ ಭಾಗಕ್ಕೆ ಮಾತ್ರ. ದುಬೈನಲ್ಲಿ ತೆರಿಗೆಯಾಗಿ ಹೋಗದ್ದು ಬೇರೆ ರೂಪದಲ್ಲಿ ಹೋಗುತ್ತದೆ. ವರ್ಷದ ಬಾಡಿಗೆಯ ಶೇ. 5ರಷ್ಟು ಹೌಸಿಂಗ್ ಫೀ ಕರೆಂಟು ನೀರಿನ ಬಿಲ್ಲಿನ ಜೊತೆಗೇ ಬರುತ್ತದೆ, ರಸ್ತೆಯಲ್ಲಿ ಸಾಲಿಕ್ ಟೋಲ್ ಇದೆ, ಎಲ್ಲಕ್ಕಿಂತ ಮೇಲಾಗಿ ಶಾಲೆ ಇದೆ. ಸಿಬಿಎಸ್‌ಇ ಶಾಲೆ ಒಂದು ಮಟ್ಟಕ್ಕೆ ನಿಲುಕುತ್ತದೆ. ಬ್ರಿಟಿಷ್ ಪಠ್ಯಕ್ರಮದ ಶಾಲೆಗೆ ಇಬ್ಬರು ಮಕ್ಕಳನ್ನು ಹಾಕಿದರೆ, ಉಳಿಯಿತೆಂದುಕೊಂಡ ತೆರಿಗೆ ಅಲ್ಲಿಗೆ ಸಂದಾಯವಾಯಿತು ಎಂದೇ ಲೆಕ್ಕ. ಸಿಂಗಪುರದಲ್ಲಿ ಹತ್ತು ವರ್ಷ ಕಾರು ಇಟ್ಟುಕೊಳ್ಳುವ ಪರವಾನಗಿಯೇ ಒಂದು ಲಕ್ಷ ಡಾಲರ್ ದಾಟಿದ್ದುಂಟು. ಆದರೆ ಎಂಆರ್‌ಟಿ ರೈಲು, ಬಸ್ಸು ಅಷ್ಟು ಚೆನ್ನಾಗಿರುವ ಊರಿನಲ್ಲಿ ಕಾರಿಲ್ಲದೆ ಬದುಕಬಹುದು. ದುಬೈನಲ್ಲಿ ಮೆಟ್ರೊ 2009ರಲ್ಲೇ ಬಂದಿದ್ದರೂ ಜುಲೈ ತಿಂಗಳ 45 ಡಿಗ್ರಿ ಬಿಸಿಲಿನಲ್ಲಿ ನಿಲ್ದಾಣದಿಂದ ಮನೆಗೆ ನಡೆಯುವವರಿಗೆ ಕಾರು ಐಷಾರಾಮವಲ್ಲ.

ಬಿಡುವಾಗ ಕೈಗೆ ಬರುವ ಹಣದಲ್ಲಿ ಮಾತ್ರ ಗಮನಿಸಬೇಕಾದ ವ್ಯತ್ಯಾಸವಿದೆ. ಯುಎಇಯ ಕಾರ್ಮಿಕ ಕಾನೂನಿನಂತೆ ಮೊದಲ ಐದು ವರ್ಷಕ್ಕೆ ವರ್ಷವೊಂದಕ್ಕೆ 21 ದಿನದ, ಆಮೇಲೆ ವರ್ಷಕ್ಕೆ 30 ದಿನದ ವೇತನ ಗ್ರಾಚ್ಯುಟಿಯಾಗಿ ಸಿಗುತ್ತದೆ. ಹತ್ತು ವರ್ಷ ದುಡಿದರೆ 255 ದಿನದ ವೇತನ. ಅದು ಮೂಲ ವೇತನದ ಮೇಲಿನ ಲೆಕ್ಕ ಎಂಬುದನ್ನು ಕರಾರಿಗೆ ಸಹಿ ಹಾಕುವಾಗಲೇ ನೋಡಿಕೊಳ್ಳಬೇಕು, ಏಕೆಂದರೆ ಒಟ್ಟು ಸಂಬಳ ದೊಡ್ಡದಿದ್ದು ಮೂಲ ವೇತನ ಸಣ್ಣದಿರುವ ಕರಾರುಗಳು ಸಾಮಾನ್ಯ. ಸಿಂಗಪುರದಲ್ಲಿ ಎಂಪ್ಲಾಯ್‌ಮೆಂಟ್ ಪಾಸ್ ಮೇಲೆ ಇರುವ ವಿದೇಶೀಯನಿಗೆ ಕಾನೂನು ಕೊಡಿಸುವ ಗ್ರಾಚ್ಯುಟಿಯೂ ಇಲ್ಲ, ಭವಿಷ್ಯನಿಧಿಯೂ ಇಲ್ಲ. ಆದರೆ ಪಿಆರ್, ಅಂದರೆ ಕಾಯಂ ನಿವಾಸಿ ಆದರೆ ಚಿತ್ರ ಬದಲಾಗುತ್ತದೆ. ಮೊದಲೆರಡು ವರ್ಷ ದರ ಕಡಿಮೆ. ಅದಾದ ಮೇಲೆ 55 ವರ್ಷದೊಳಗಿನ ನೌಕರ ಶೇ. 20, ಮಾಲೀಕ ಶೇ. 17, ಒಂದು ಮಿತಿಯವರೆಗಿನ ಸಂಬಳದ ಮೇಲೆ, ಸಿಪಿಎಫ್ ನಿಧಿಗೆ ಕಟ್ಟುತ್ತಾರೆ. ಪಿಆರ್ ಬಿಟ್ಟುಕೊಟ್ಟು ದೇಶವನ್ನೇ ಬಿಡುವವರು ಆ ಹಣವನ್ನು ಪೂರ್ತಿ ತೆಗೆದುಕೊಂಡು ಹೋಗಬಹುದು. ಹಣದ ವಿಷಯದಲ್ಲೇ ಎರಡು ನಗರಗಳ ಸ್ವಭಾವ ಇಣುಕುವುದು ಇಲ್ಲಿ. ದುಬೈ ಒಂದು ದಿನ ಹೋಗಲಿರುವವನೆಂದೇ ನಿಮ್ಮನ್ನು ಕಂಡು ಅದಕ್ಕೆ ತಕ್ಕ ವ್ಯವಸ್ಥೆ ಮಾಡಿದೆ. ಸಿಂಗಪುರ ಒಳಗೆ ಬಂದವನಿಗೆ ಬಹಳ ಕೊಡುತ್ತದೆ, ಬಾಗಿಲ ಬಳಿ ನಿಂತವನಿಗೆ ಕಡಿಮೆ.

ಕೆಲಸ ಹೋದಾಗಲೂ ಇದೇ ಸ್ವಭಾವ ಕಾಣುತ್ತದೆ, ಆದರೆ ನಾವು ನಿರೀಕ್ಷಿಸುವ ರೀತಿಯಲ್ಲಲ್ಲ. ಗಲ್ಫ್ ಎಂದರೆ ಮಾಲೀಕ ಕೈಬಿಟ್ಟ ಕೂಡಲೆ ವಿಮಾನ ಹತ್ತಬೇಕು ಎಂಬ ಕಲ್ಪನೆ ನಮ್ಮಲ್ಲಿ ಗಟ್ಟಿಯಾಗಿದೆ. 2008-09ರ ಆರ್ಥಿಕ ಕುಸಿತದ ಕಥೆಗಳನ್ನು ಕೇಳಿ ಬೆಳೆದವರಲ್ಲಿ ಅದು ಸಹಜ ಕೂಡ. ಆಗ ಚೆಕ್ ಬೌನ್ಸ್ ಆದರೆ ಜೈಲು. ಆ ಕಾನೂನು 2022ರ ಜನವರಿಯಿಂದ ಬಹುಮಟ್ಟಿಗೆ ಸಡಿಲವಾಗಿದೆ. ವೀಸಾ ರದ್ದಾದ ಮೇಲೆ ಉಳಿಯಲು ಮೊದಲು 30 ದಿನವಿದ್ದ ಅವಧಿ ಈಗ ವೀಸಾದ ಬಗೆಯನ್ನು ನೋಡಿ 60ರಿಂದ 180 ದಿನದವರೆಗೆ ಹೋಗುತ್ತದೆ. 2023ರಿಂದ ಕೆಲಸ ಕಳೆದುಕೊಂಡವರಿಗೆ ಕಡ್ಡಾಯ ವಿಮೆಯೂ ಬಂದಿದೆ. ಮೂಲ ವೇತನದ ಶೇ. 60ರಷ್ಟು, ಮಿತಿಯೊಳಗೆ, ಮೂರು ತಿಂಗಳ ತನಕ. ಸಿಂಗಪುರದಲ್ಲಿ ಎಂಪ್ಲಾಯ್‌ಮೆಂಟ್ ಪಾಸ್ ರದ್ದಾದರೆ ಸಾಮಾನ್ಯವಾಗಿ ಸಿಗುವುದು 30 ದಿನ. ಅಷ್ಟರೊಳಗೆ ಹೊಸ ಕೆಲಸ ಸಿಗಬೇಕು, ಆ ಹೊಸ ಮಾಲೀಕನ ಅರ್ಜಿ 2023ರಲ್ಲಿ ಬಂದ ಕಾಂಪಸ್ ಅಂಕಪದ್ಧತಿಯನ್ನು ದಾಟಬೇಕು. ಸಂಬಳ, ಓದು ಮಾತ್ರವಲ್ಲ, ಆ ಕಂಪನಿಯಲ್ಲಿ ನಿಮ್ಮ ದೇಶದವರು ಈಗಾಗಲೇ ಎಷ್ಟು ಮಂದಿ ಇದ್ದಾರೆ ಎಂಬುದಕ್ಕೂ ಅಲ್ಲಿ ಅಂಕವಿದೆ. ಭಾರತೀಯರೇ ತುಂಬಿರುವ ಐಟಿ ಕಂಪನಿಗೆ ಅರ್ಜಿ ಹಾಕುವ ಕನ್ನಡಿಗ ಇದನ್ನು ಮರೆಯುವಂತಿಲ್ಲ.

ಹೆಂಡತಿಯ ಕೆಲಸದ ಮಾತು ಇನ್ನೂ ಮುಖ್ಯ, ನಮ್ಮ ಕುಟುಂಬಗಳಲ್ಲಿ ಅದನ್ನು ಕೊನೆಗೆ ಎತ್ತುತ್ತಾರೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ. ಬೆಂಗಳೂರಿನಲ್ಲಿ ಇಬ್ಬರೂ ದುಡಿಯುತ್ತಿರುತ್ತಾರೆ. ಆಫರ್ ಬರುವುದು ಒಬ್ಬರಿಗೆ, ಹೆಚ್ಚಾಗಿ ಗಂಡನಿಗೆ. "ಅಲ್ಲಿ ಹೋದ ಮೇಲೆ ನಿನಗೂ ಏನಾದರೂ ಸಿಗುತ್ತೆ" ಎಂಬ ಒಂದು ಮಾತಿನ ಮೇಲೆ ಅವಳು ಹನ್ನೆರಡು ವರ್ಷದ ಕೆಲಸಕ್ಕೆ ರಾಜೀನಾಮೆ ಕೊಡುತ್ತಾಳೆ. ದುಬೈನಲ್ಲಿ ಗಂಡನ ವೀಸಾದ ಮೇಲೇ ಇದ್ದುಕೊಂಡು, ಕೆಲಸ ಕೊಡುವವರು ಮಾಡಿಸುವ ಪರ್ಮಿಟ್ಟಿನಿಂದ ಅವಳು ದುಡಿಯಬಹುದು. ಸಿಂಗಪುರದಲ್ಲಿ ಡಿಪೆಂಡೆಂಟ್ ಪಾಸ್ ಮೇಲೆ ಬಂದವರಿಗೆ ಮೊದಲು ಸುಲಭವಾಗಿ ಸಿಗುತ್ತಿದ್ದ ಒಪ್ಪಿಗೆಪತ್ರದ ವ್ಯವಸ್ಥೆ 2021ರ ಮೇ ತಿಂಗಳಿಂದ ಬಹುಪಾಲು ನಿಂತುಹೋಯಿತು. ಈಗ ಅವಳೂ ತನ್ನದೇ ಅರ್ಹತೆಯ ಮೇಲೆ ಬೇರೆ ಪಾಸ್ ಪಡೆಯಬೇಕು, ಅಂದರೆ ಅದೇ ಸಂಬಳದ ಮಿತಿ, ಅದೇ ಅಂಕಪದ್ಧತಿ. ಅರ್ಧ ದಿನದ ಕೆಲಸ, ಶಾಲೆಯಲ್ಲಿ ಬದಲಿ ಶಿಕ್ಷಕಿ, ಸಣ್ಣ ಕಚೇರಿಯ ಲೆಕ್ಕಪತ್ರ, ಇಂಥವುಗಳಿಂದ ಮತ್ತೆ ಶುರುಮಾಡುವ ದಾರಿ ಅಲ್ಲಿ ಹೆಚ್ಚುಕಡಿಮೆ ಮುಚ್ಚಿದೆ. ಹೆಂಡತಿಯ ಕೈಯಲ್ಲೂ ಅಲ್ಲಿಯದೇ ಆಫರ್ ಇಲ್ಲದಿದ್ದರೆ, ಸಿಂಗಪುರದ ಸಂಬಳದಿಂದ ಅವಳ ಸಂಬಳವನ್ನು ಕಳೆದು ನೋಡಬೇಕು. ಒಂದು ವರ್ಷದ್ದಲ್ಲ, ಅವಳ ಮುಂದಿನ ಎಲ್ಲ ವರ್ಷಗಳದ್ದು.

ಇನ್ನು ಮಕ್ಕಳು. ನನ್ನ ಇಡೀ ವಾದ ನಿಂತಿರುವುದೇ ಇಲ್ಲಿ.

ದುಬೈನಲ್ಲಿ ಹುಟ್ಟಿ, ಅಲ್ಲೇ ಹನ್ನೆರಡನೇ ತರಗತಿ ಮುಗಿಸಿದ ಮಗು ಕಾನೂನಿನ ಕಣ್ಣಿನಲ್ಲಿ ಅಪ್ಪನ ವೀಸಾದ ಮೇಲಿರುವ ಭಾರತೀಯ, ಅಷ್ಟೆ. ಮದುವೆಯಾಗದ ಮಗನನ್ನು 25 ವರ್ಷದ ತನಕ, ಮಗಳನ್ನು ವಯಸ್ಸಿನ ಮಿತಿಯಿಲ್ಲದೆ ಅಪ್ಪ ತನ್ನ ವೀಸಾದಲ್ಲಿ ಇಟ್ಟುಕೊಳ್ಳಬಹುದು. ಅದಾದ ಮೇಲೆ ಅವರವರ ದಾರಿ. 2019ರಲ್ಲಿ ಬಂದ ಗೋಲ್ಡನ್ ವೀಸಾ ಈಗ ಹತ್ತು ವರ್ಷದ್ದು, 20 ಲಕ್ಷ ದಿರ್ಹಮ್ ಮೌಲ್ಯದ ಆಸ್ತಿ ಇದ್ದವರಿಗೂ ಸಿಗುತ್ತದೆ. ಆದರೆ ಹತ್ತು ವರ್ಷದ ವೀಸಾ ಕೂಡ ವೀಸಾವೇ. ಪೌರತ್ವವನ್ನು 2021ರಿಂದ ಆಯ್ದ ಕೆಲವರಿಗೆ ಕೊಡುವ ಅವಕಾಶವಾಗಿದೆ. ಅರ್ಜಿ ಹಾಕಿ ಪಡೆಯುವ ವಸ್ತು ಅದಲ್ಲ, ಸರ್ಕಾರವೇ ಹೆಸರು ಸೂಚಿಸಬೇಕು. ಕೇಳಲು ಇದು ಕಠಿಣ. ಆದರೆ ಈ ಕಠಿಣತೆಯಲ್ಲಿ ಒಂದು ಪ್ರಾಮಾಣಿಕತೆ ಇದೆ, ಮತ್ತು ಅದರಿಂದ ಮನೆಯವರು ಮಗುವಿನ ದಾರಿಯನ್ನು ಊರಿನ ಕಡೆಗೆ ತೆರೆದೇ ಇಡುತ್ತಾರೆ. ಸಿಬಿಎಸ್‌ಇ ಓದಿದ ಮಗು ಹೆಚ್ಚಿನ ತೊಡಕಿಲ್ಲದೆ ಭಾರತದ ಶಾಲೆಗೆ ಸೇರಿಕೊಳ್ಳಬಹುದು. ಗಲ್ಫ್ ಉದ್ಯೋಗಿಗಳ ಮಕ್ಕಳಿಗೆಂದೇ ಎನ್‌ಐಟಿಗಳಲ್ಲಿ ಪ್ರತ್ಯೇಕ ಸೀಟುಗಳಿವೆ, ಫೀ ಇಲ್ಲಿನ ವಿದ್ಯಾರ್ಥಿಗಳಷ್ಟೇ. ದುಬೈನಲ್ಲಿ ಬೆಳೆದ ಮಂಗಳೂರಿನ ಹುಡುಗಿ ಜೆಇಇ ಬರೆದು ಸುರತ್ಕಲ್ಲಿನ ಎನ್‌ಐಟಿಕೆಗೆ ಬಂದು ಸೇರಬಹುದು. ಅದೇ ಹುಡುಗಿ ಸಿಂಗಪುರದಿಂದ ಬಂದರೆ ಆ ರಿಯಾಯಿತಿ ಇಲ್ಲ, ವಿದೇಶದಿಂದ ಬರುವವರ ಕೋಟಾದಲ್ಲಿ ಸೇರಿದರೆ ದೊಡ್ಡ ಫೀ ಕಟ್ಟಬೇಕು.

ಸಿಂಗಪುರ ಬೇರೆಯದೇ ಒಪ್ಪಂದವನ್ನು ಮುಂದಿಡುತ್ತದೆ. ಕೆಲವು ವರ್ಷ ದುಡಿದ ಮೇಲೆ ಪಿಆರ್‌ಗೆ ಅರ್ಜಿ ಹಾಕಬಹುದು. ಸಿಕ್ಕರೆ ಸರ್ಕಾರಿ ಶಾಲೆ ಹತ್ತಿರವಾಗುತ್ತದೆ, ಸಿಪಿಎಫ್ ಶುರುವಾಗುತ್ತದೆ, ಮೂರು ವರ್ಷವಾದ ಮೇಲೆ ಸರ್ಕಾರ ಕಟ್ಟಿಸಿದ ಎಚ್‌ಡಿಬಿ ಫ್ಲ್ಯಾಟನ್ನು ಎರಡನೇ ಕೈಯಿಂದ ಕೊಳ್ಳಬಹುದು. ಸಿಗದಿದ್ದರೆ ಏಕೆ ಎಂದು ಯಾರೂ ಹೇಳುವುದಿಲ್ಲ. ಸಿಕ್ಕಿದ್ದಕ್ಕೆ ಬೆಲೆಯೂ ಇದೆ. ಅಪ್ಪನ ಜೊತೆ ಪಿಆರ್ ಪಡೆದ ಮಗ ಹದಿನೆಂಟಕ್ಕೆ ಎರಡು ವರ್ಷದ ರಾಷ್ಟ್ರೀಯ ಸೇನಾಸೇವೆಗೆ ಹೋಗಲೇಬೇಕು. ಅಪ್ಪನಿಗೆ ಆ ಕಟ್ಟಳೆ ಇಲ್ಲ, ಮಗನಿಗೆ ಇದೆ. ಸೇವೆ ಮಾಡದೆ ಪಿಆರ್ ಬಿಟ್ಟು ಹೋದರೆ, ಮುಂದೆ ಅವನು ಅಲ್ಲಿ ಓದಲು ಅಥವಾ ದುಡಿಯಲು ಹಾಕುವ ಅರ್ಜಿಗೆ ಅದು ಕುತ್ತಾಗುತ್ತದೆ. 1967ರಿಂದ ಆ ದೇಶದ ಗಂಡುಮಕ್ಕಳು ಮಾಡಿಕೊಂಡು ಬಂದ ಸೇವೆ ಅದು. ಚೀನೀ, ಮಲಯ, ತಮಿಳು ಹುಡುಗರು ಒಂದೇ ಬ್ಯಾರಕ್ಕಿನಲ್ಲಿ ಮಲಗಿ ಒಂದು ದೇಶದವರಾಗುವ ಬಗೆ. ಅದನ್ನು ನಾನು ಗೌರವಿಸುತ್ತೇನೆ. ಹಾಗಾಗಿಯೇ, ಶಾಲೆ ಮತ್ತು ಫ್ಲ್ಯಾಟಿನ ಅನುಕೂಲಕ್ಕೆ ಪಿಆರ್ ತೆಗೆದುಕೊಂಡು, ಮಗನಿಗೆ ಹದಿನಾರಾದಾಗ ತಪ್ಪಿಸಿಕೊಳ್ಳುವ ದಾರಿ ಹುಡುಕುವ ಕುಟುಂಬಗಳ ನಡೆ ನನಗೆ ಒಪ್ಪಿಗೆಯಿಲ್ಲ. ಎರಡು ವರ್ಷದ ಸೇನೆ ಬೇಡ ಎನ್ನುವುದು ತಪ್ಪಲ್ಲ. ಬೇಡ ಎಂದಾದರೆ ಅರ್ಜಿ ಹಾಕುವ ಮೊದಲೇ ಹೇಳಿಕೊಳ್ಳಬೇಕು.

ಭಾಷೆಯ ಪ್ರಶ್ನೆಯೂ ಮಕ್ಕಳ ಜೊತೆಗೇ ಬರುತ್ತದೆ. ಸಿಂಗಪುರದ ಶಾಲೆಗಳಲ್ಲಿ ಇಂಗ್ಲಿಷಿನ ಜೊತೆ ಮಾತೃಭಾಷೆಯೊಂದು ಕಡ್ಡಾಯ. ಭಾರತೀಯ ಮಕ್ಕಳಿಗೆ ತಮಿಳು ಇದೆ, ಅದು ಆ ದೇಶದ ಅಧಿಕೃತ ಭಾಷೆ. ಅದಲ್ಲದೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದುಗಳಿಗೆ ಅವಕಾಶವಿದೆ. ಕನ್ನಡ ಆ ಪಟ್ಟಿಯಲ್ಲಿಲ್ಲ. ಹೀಗಾಗಿ ಹಾಸನದ ಅಜ್ಜಿಯ ಮೊಮ್ಮಗ ಹಿಂದಿಯನ್ನೋ ತಮಿಳನ್ನೋ ತನ್ನ ಮಾತೃಭಾಷೆಯೆಂದು ಬರೆದು, ಹನ್ನೆರಡನೇ ವಯಸ್ಸಿನ ಪಿಎಸ್‌ಎಲ್‌ಇ ಪರೀಕ್ಷೆಯಲ್ಲಿ ಅದರಲ್ಲೇ ಅಂಕ ತೆಗೆಯಬೇಕು. ದುಬೈನ ಖಾಸಗಿ ಶಾಲೆಗಳಲ್ಲಿ ಅರಬಿ ಕಡ್ಡಾಯ, ಅದೂ ನಮ್ಮದಲ್ಲ. ಎರಡೂ ಕಡೆ ಕನ್ನಡ ಉಳಿಯುವುದು ಮನೆಯಲ್ಲಿ ಮತ್ತು ರಜಾದಿನದ ತರಗತಿಯಲ್ಲಿ. ದುಬೈನಲ್ಲಿ ಕನ್ನಡ ಮಿತ್ರರು ನಡೆಸುವ ಪಾಠಶಾಲೆಯಾಗಲಿ, ಸಿಂಗಪುರದ ಕನ್ನಡ ಸಂಘವಾಗಲಿ ಮಾಡುತ್ತಿರುವ ಕೆಲಸ ದೊಡ್ಡದು. ಆದರೂ ಒಂದು ವ್ಯತ್ಯಾಸ ನನಗೆ ಕಾಣುತ್ತದೆ. ಊರಿಗೆ ಮರಳುವ ಮಗುವಿಗೆ ಕನ್ನಡ ಕಲಿಯಲು ಕಾರಣವಿದೆ, ಮರಳದ ಮಗುವಿಗೆ ಆ ಕಾರಣವನ್ನು ಅಪ್ಪ ಅಮ್ಮ ಕಟ್ಟಿಕೊಡಬೇಕು.

ವಯಸ್ಸಾದ ತಂದೆ ತಾಯಿಯ ವಿಷಯದಲ್ಲಿ ಎರಡೂ ನಗರಗಳು ಸಂಬಳ ಕೇಳುತ್ತವೆ. ಸಿಂಗಪುರದಲ್ಲಿ ಹೆಂಡತಿ ಮಕ್ಕಳನ್ನು ಕರೆತರಲು ತಿಂಗಳಿಗೆ 6,000 ಡಾಲರ್ ಸಂಬಳ ಬೇಕು, ತಂದೆ ತಾಯಿಯನ್ನು ಜೊತೆಗಿಟ್ಟುಕೊಳ್ಳಲು 12,000. ಈ ಲೇಖನ ಆಯ್ಕೆ ಇರುವವರ ಬಗ್ಗೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಸಿಂಗಪುರದಲ್ಲಿ ಕಟ್ಟಡ ಕಟ್ಟುವ, ಹಡಗು ದುರಸ್ತಿ ಮಾಡುವ ವರ್ಕ್ ಪರ್ಮಿಟ್ ಕಾರ್ಮಿಕ ತನ್ನ ಹೆಂಡತಿ ಮಕ್ಕಳನ್ನು ಡಿಪೆಂಡೆಂಟ್ ಪಾಸ್ ಮೇಲೆ ಕರೆತರುವಂತೆಯೇ ಇಲ್ಲ. ದುಬೈನಲ್ಲಿ ಕುಟುಂಬ ವೀಸಾಕ್ಕೆ 4,000 ದಿರ್ಹಮ್, ಅಥವಾ 3,000 ಮತ್ತು ವಸತಿ, ಎಂಬ ಮಿತಿ ದಾಟದ ಲಕ್ಷಾಂತರ ಮಂದಿ ಹಂಚಿಕೊಂಡ ಕೋಣೆಯ ಬೆಡ್‌ಸ್ಪೇಸಿನಲ್ಲಿ ಮಲಗಿ ಊರಿಗೆ ಹಣ ಕಳಿಸುತ್ತಿದ್ದಾರೆ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಹಂಚು ತಾರಸಿಯಾದದ್ದು ಅಂಥವರ ದುಡಿಮೆಯಿಂದ.

ನಗರದೊಂದಿಗಿನ ಸಂಬಂಧವೂ ಬೇರೆ. ದುಬೈ ಕ್ರೀಕಿನ ವ್ಯಾಪಾರ ಬೊಂಬಾಯಿಯೊಂದಿಗೆ ಎಷ್ಟು ಹೆಣೆದುಕೊಂಡಿತ್ತೆಂದರೆ ಅಲ್ಲಿ 1966ರ ತನಕ ಚಲಾವಣೆಯಲ್ಲಿದ್ದದ್ದು ರೂಪಾಯಿ. ಭಾರತದ ರಿಸರ್ವ್ ಬ್ಯಾಂಕ್ 1959ರಿಂದ ಗಲ್ಫಿಗೆಂದೇ ಬೇರೆ ನೋಟು ಹೊರಡಿಸುತ್ತಿತ್ತು. ಇವತ್ತೂ ಜನಸಂಖ್ಯೆಯಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಹೊರಗಿನವರು. ಕರಾಮಾದ ಬೀದಿಯಲ್ಲಿ ಹಿಂದಿ, ಮಲಯಾಳ, ತುಳುವಿನಲ್ಲೇ ದಿನ ಕಳೆಯಬಹುದು. ನೀನೇಕೆ ಇಲ್ಲಿದ್ದೀಯ ಎಂದು ಕೇಳುವವರಿಲ್ಲ, ಏಕೆಂದರೆ ಕೇಳಬೇಕಾದವರೂ ಬಹುಪಾಲು ಹೊರಗಿನಿಂದ ಬಂದವರೇ. ಸಿಂಗಪುರದಲ್ಲೂ ಭಾರತೀಯರು ಹೊಸಬರಲ್ಲ. ಅಲ್ಲಿನ ಶ್ರೀ ಮಾರಿಯಮ್ಮನ್ ದೇವಸ್ಥಾನ 1827ರದ್ದು, 1867ರ ತನಕ ಆ ದ್ವೀಪದ ಆಡಳಿತ ಬ್ರಿಟಿಷ್ ಭಾರತಕ್ಕೆ ಸೇರಿತ್ತು, ದೀಪಾವಳಿಗೆ ಸರ್ಕಾರಿ ರಜೆ ಇದೆ. ಆದರೆ ಅಲ್ಲಿ ನಾಡು ತಮ್ಮದೆನ್ನುವ ಜನರಿದ್ದಾರೆ, ಅವರಿಗೆ ಮತವಿದೆ. 2013ರಲ್ಲಿ ಜನಸಂಖ್ಯೆ ಹೆಚ್ಚಿಸುವ ಸರ್ಕಾರದ ಯೋಜನೆಯನ್ನು ವಿರೋಧಿಸಿ ಅವರು ಹಾಂಗ್ ಲಿಮ್ ಪಾರ್ಕಿನಲ್ಲಿ ಸೇರಿದ್ದರು. ಭಾರತದೊಂದಿಗೆ 2005ರಲ್ಲಾದ ವಾಣಿಜ್ಯ ಒಪ್ಪಂದದ ಹೆಸರೆತ್ತಿ ಭಾರತೀಯ ವೃತ್ತಿಪರರ ಬಗ್ಗೆ ಗೊಣಗುವವರೂ ಉಂಟು. ಇದನ್ನು ಕೇಳಿ ಸಿಂಗಪುರ ಬೇಡವೆಂದು ಕೆಲವರು ಹಿಂಜರಿಯುತ್ತಾರೆ. ನಾನು ಇದನ್ನು ಬೇರೆ ರೀತಿ ನೋಡುತ್ತೇನೆ. ಪಕ್ಕದ ಮನೆಯವನಿಗೆ ನಿಮ್ಮ ಬಗ್ಗೆ ಅಭಿಪ್ರಾಯವಿದೆ ಎಂದರೆ ನೀವು ಅವನ ಪಕ್ಕದ ಮನೆಯವರಾಗಬಲ್ಲಿರಿ ಎಂದೂ ಆಯಿತು. ಬೆಂಗಳೂರಿನಲ್ಲಿ ಹೊರಗಿನವರು ಕನ್ನಡ ಕಲಿಯಲಿ ಎಂದು ಬಯಸುವ ನಮಗೆ ಆ ಗೊಣಗು ಅರ್ಥವಾಗಬೇಕು.

ಬದುಕನ್ನು ಇಷ್ಟು ಮುಂದಾಗಿ ಗೆರೆ ಎಳೆದು ನಡೆಸಲು ಸಾಧ್ಯವೇ, ಕೆಲಸ ಎಲ್ಲಿ ಒಳ್ಳೆಯದೋ ಅಲ್ಲಿಗೆ ಹೋಗಿ ಆಮೇಲೆ ನೋಡಿಕೊಂಡರಾಯಿತು ಎನ್ನುವವರ ಮಾತಿನಲ್ಲಿ ಹುರುಳಿದೆ. ಮೂವತ್ತರ ವಯಸ್ಸಿನ ಒಂಟಿ ಮನುಷ್ಯನಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಕುಟುಂಬದ ವಿಷಯದಲ್ಲಿ ನಾವು ಗೆರೆ ಎಳೆಯದಿದ್ದರೂ ಕಾನೂನು ಎಳೆದಿಟ್ಟಿದೆ: ಹದಿನೆಂಟಕ್ಕೆ ಸೇನೆ, ಇಪ್ಪತ್ತೈದಕ್ಕೆ ಅಪ್ಪನ ವೀಸಾದ ಕೊನೆ, ಪೌರತ್ವ ಪಡೆದರೆ ಭಾರತದ ಪಾಸ್‌ಪೋರ್ಟಿನ ಕೊನೆ. ಭಾರತವೂ ಸಿಂಗಪುರವೂ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಸಾಗರೋತ್ತರ ಭಾರತೀಯರಿಗೆ ಕೊಡುವ ಓಸಿಐ ಕಾರ್ಡಿನಲ್ಲಿ ಬಂದು ಹೋಗಬಹುದು, ಮತ ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ತೀರ್ಥಹಳ್ಳಿಯಲ್ಲಿ ಅಪ್ಪನ ಅಡಿಕೆ ತೋಟ ಪಿತ್ರಾರ್ಜಿತವಾಗಿ ಬರುತ್ತದೆ, ಪಕ್ಕದ ಒಂದು ಎಕರೆ ಮಾರಾಟಕ್ಕೆ ಬಂದರೆ ಮಾತ್ರ ಕೈಗೆ ಬಾರದು. ಮುಪ್ಪಿನಲ್ಲಿ ತೋಟಕ್ಕೆ ಮರಳುವ ಕನಸು ಇಟ್ಟುಕೊಂಡವರಿಗೆ ಇದು ಸಣ್ಣ ಮಾತಲ್ಲ.

ಹೀಗಾಗಿ ನನ್ನ ಸಲಹೆ ಇದು. ಎಂಟು ಹತ್ತು ವರ್ಷ ದುಡಿದು, ಸಾಲ ತೀರಿಸಿ, ಮಕ್ಕಳು ಹೈಸ್ಕೂಲು ಮುಗಿಸುವ ಹೊತ್ತಿಗೆ ಊರಿಗೆ ಬರಬೇಕು ಎನ್ನುವವರು, ಅದರಲ್ಲೂ ಹೆಂಡತಿಯೂ ದುಡಿಯಬೇಕು ಎನ್ನುವವರು, ಸಿಂಗಪುರದ ಸಂಬಳ ಸ್ವಲ್ಪ ಹೆಚ್ಚಿದ್ದರೂ ದುಬೈ ಆರಿಸಲಿ. ದಿರ್ಹಮ್ ಅಮೆರಿಕದ ಡಾಲರಿಗೆ 3.6725ರ ದರದಲ್ಲಿ ಕಟ್ಟಿಕೊಂಡಿರುವುದರಿಂದ ಊರಿಗೆ ಕಳಿಸುವ ಹಣದ ಅಂದಾಜೂ ಸುಲಭ. ಮಕ್ಕಳು ಇನ್ನೊಂದು ದೇಶದವರಾಗುವುದನ್ನು ಮನಸಾರೆ ಒಪ್ಪಿದವರು, ಮಗನ ಸೇನಾಸೇವೆಯನ್ನು ಮಗನಿಗೆ ಸಲ್ಲುವ ಗೌರವವೆಂದು ನೋಡಬಲ್ಲವರು, ತಮಿಳನ್ನೋ ಚೀನೀಯನ್ನೋ ನೆರೆಯವರ ಭಾಷೆಯೆಂದು ಕಲಿಯಲು ಸಿದ್ಧರಿರುವವರು ಸಿಂಗಪುರಕ್ಕೆ ಹೋಗಲಿ. ಹೋದ ಮೇಲೆ ಅರೆಮನಸ್ಸಿನಲ್ಲಿ ಇರುವುದು ಬೇಡ. ನನಗೆ ಹೆಚ್ಚು ಚಿಂತೆಯಾಗುವುದು ಈ ಎರಡೂ ಗುಂಪಿಗೆ ಸೇರದೆ ವೀಸಾದಿಂದ ವೀಸಾಕ್ಕೆ ದಿನ ನೂಕುವವರ ಬಗ್ಗೆ. ದುಬೈನಲ್ಲಿ ವೀಸಾ ನವೀಕರಣ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಸಿಂಗಪುರದಲ್ಲೂ ಪಾಸ್ ಹೊಸದು ಮಾಡಿಸುವ ವರ್ಷ ಮೊದಲೇ ಗೊತ್ತಿರುತ್ತದೆ. ಕಾಗದಕ್ಕೆ ಸಹಿ ಹಾಕುವ ಮೊದಲು ಗಂಡ ಹೆಂಡತಿ ಮಕ್ಕಳನ್ನೂ ಕೂರಿಸಿಕೊಂಡು, ಇನ್ನೆಷ್ಟು ವರ್ಷ, ಯಾರಿಗಾಗಿ ಎಂದು ಮಾತಾಡಲಿ. ಮಗನಿಗೆ ಹತ್ತು ತುಂಬುವ ಮೊದಲು ಈ ಮಾತು ಆದರೆ ಎರಡು ದಾರಿಯೂ ತೆರೆದಿರುತ್ತದೆ. ಹದಿನಾರಾದ ಮೇಲೆ ಆಡಿದರೆ ಅವನ ಗೆಳೆಯರು, ಅವನ ಶಾಲೆ, ಅವನ ಹೆಸರಿಗೆ ಬಂದ ಸೇನೆಯ ಪತ್ರ ಎಲ್ಲವೂ ಆ ಮಾತಿನೊಳಗೆ ಬಂದು ಕೂತಿರುತ್ತವೆ.